ಹೃದಯ ತೆರೆಯುವುದು ಎಂದರೇನು?



ಅಲ್ಲಾಹನನ್ನು ಸ್ತುತಿಸಿ, ಅಂತ್ಯಪ್ರವಾದಿ ಮುಹಮ್ಮದ್(ಸ)ರ ಮೇಲೆ ಸಲಾತ್ ಮತ್ತು ಸಲಾಮ್ ಕೋರಿ ಈ ಮಾತುಗಳನ್ನು ಆರಂಭಿಸುತ್ತೇನೆ. ನಮ್ಮ ಮಸೀದಿಯಲ್ಲಿ ಎರಡು ಶುಕ್ರವಾರ ಹೇಳಿದ ಮಾತುಗಳ ಸಾರಾಂಶ ಇದು. ಹೊಸ ವಿಚಾರವೊಂದು ನಮ್ಮ ಮನೆಗೋ ಮೊಹಲ್ಲಾಕ್ಕೋ ಬಂದಾಗ ಸತ್ಯವಿಶ್ವಾಸಿಯಾದವನು ಅದನ್ನು ಹೇಗೆ ನೋಡಬೇಕು ಎಂಬುದೇ ವಿಷಯ. ಬಂದದ್ದನ್ನೆಲ್ಲ ಒಪ್ಪಿಕೊಳ್ಳಬೇಕೇ? ಇಲ್ಲವೇ ಬಾಗಿಲು ಹಾಕಿಕೊಂಡು ಕೂರಬೇಕೇ? ಕೊನೆಯಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ನಿಮ್ಮ ಮುಂದೆ ಇಡುತ್ತೇನೆ. ಈ ವಿಷಯ ನನಗೆ ಕಿತಾಬುಗಳಿಂದ ಮಾತ್ರ ಅರ್ಥವಾಗಲಿಲ್ಲ, ಆ ತಪ್ಪಿನಿಂದ ಅರ್ಥವಾಯಿತು.

ಪವಿತ್ರ ಕುರ್‌ಆನ್ ಹಿಂದಿನ ಜನಾಂಗಗಳ ಕಥೆಗಳನ್ನು ಹೇಳುವಾಗ ಒಂದು ಉತ್ತರವನ್ನು ಮತ್ತೆ ಮತ್ತೆ ನಮ್ಮ ಗಮನಕ್ಕೆ ತರುತ್ತದೆ. ಪ್ರವಾದಿಗಳು ಸತ್ಯದ ಕಡೆಗೆ ಕರೆದಾಗ ಆ ಜನರು, ನಮ್ಮ ತಂದೆ ತಾತಂದಿರು ನಡೆದ ದಾರಿ ನಮಗೆ ಸಾಕು ಎಂದರು. ಹೇಳಿದ ಮಾತು ಸರಿಯೋ ತಪ್ಪೋ ಎಂದು ಅವರು ತೂಗಿ ನೋಡಲಿಲ್ಲ. ಅದು ಹೊಸದು ಎಂಬುದೇ ಅವರಿಗೆ ಸಾಕಾಯಿತು. ಸೂರಾ ಅಲ್ ಬಕರಾದಲ್ಲಿ ಅಲ್ಲಾಹನು ಈ ಉತ್ತರವನ್ನು ಖಂಡಿಸಿದ್ದಾನೆ. ಇನ್ನೊಂದು ಕಡೆ, ಸೂರಾ ಅಝ್ಝುಮರ್‌ನಲ್ಲಿ, ಮಾತನ್ನು ಗಮನವಿಟ್ಟು ಕೇಳಿ ಅದರಲ್ಲಿ ಉತ್ತಮವಾದುದನ್ನು ಅನುಸರಿಸುವವರಿಗೆ ಶುಭವಾರ್ತೆ ಇದೆ. ಮೊದಲು ಕೇಳುವುದು, ನಂತರ ಆರಿಸುವುದು. ಕೇಳದೆ ತಳ್ಳುವವನೂ ಈ ಗುಂಪಿಗೆ ಸೇರುವುದಿಲ್ಲ, ಆರಿಸದೆ ನುಂಗುವವನೂ ಸೇರುವುದಿಲ್ಲ.

ಖಲೀಫಾರ ಹೃದಯ ತೆರೆದದ್ದು

ಪ್ರವಾದಿ(ಸ)ರ ವಫಾತ್‌ನ ನಂತರ, ಹಝ್ರತ್ ಅಬೂಬಕ್ಕರ್(ರ)ರ ಖಿಲಾಫತ್‌ನ ಆರಂಭದಲ್ಲಿ ಯಮಾಮಾ ಯುದ್ಧ ನಡೆಯಿತು. ಕುರ್‌ಆನ್ ಕಂಠಪಾಠ ಮಾಡಿದ್ದ ಅನೇಕ ಸಹಾಬಿಗಳು ಅದರಲ್ಲಿ ಹುತಾತ್ಮರಾದರು. ಹಝ್ರತ್ ಉಮರ್(ರ) ಚಿಂತೆಗೊಳಗಾದರು. ಹೀಗೆಯೇ ಯುದ್ಧಗಳು ನಡೆದು ಹಾಫಿಝ್‌ಗಳು ತೀರಿಕೊಂಡರೆ ಗತಿಯೇನು? ಕುರ್‌ಆನನ್ನು ಒಂದೆಡೆ ಬರೆದು ಸಂಗ್ರಹಿಸಬೇಕು ಎಂದು ಅವರು ಖಲೀಫಾರಿಗೆ ಸಲಹೆ ಕೊಟ್ಟರು.

ಅಬೂಬಕ್ಕರ್(ರ) ಮೊದಲು ಒಪ್ಪಲಿಲ್ಲ. ಅಲ್ಲಾಹನ ರಸೂಲರು ಮಾಡದೇ ಇದ್ದ ಕೆಲಸವನ್ನು ನಾನು ಹೇಗೆ ಮಾಡಲಿ ಎಂದು ಕೇಳಿದರು. ಗಮನಿಸಿ, ಅವರ ಹಿಂಜರಿಕೆ ಹಟದಿಂದ ಬಂದದ್ದಲ್ಲ, ಪ್ರವಾದಿ(ಸ)ರ ಮೇಲಿನ ಪ್ರೀತಿಯಿಂದ ಬಂದದ್ದು. ಉಮರ್(ರ) ಬಿಡಲಿಲ್ಲ. ಇದರಲ್ಲಿ ಒಳಿತಿದೆ ಎಂದು ಮತ್ತೆ ಮತ್ತೆ ಹೇಳಿದರು. ಕೊನೆಗೆ ಅಲ್ಲಾಹನು ಈ ವಿಷಯಕ್ಕೆ ತನ್ನ ಎದೆಯನ್ನು ತೆರೆದನು ಎಂದು ಅಬೂಬಕ್ಕರ್(ರ) ಹೇಳಿದರು. ನಂತರ ಯುವಕರಾಗಿದ್ದ ಹಝ್ರತ್ ಝೈದ್ ಬಿನ್ ಸಾಬಿತ್(ರ)ರನ್ನು ಕರೆಸಿ ಆ ಕೆಲಸ ಒಪ್ಪಿಸಿದರು. ಝೈದ್(ರ) ಕೂಡ ಅದೇ ಪ್ರಶ್ನೆ ಕೇಳಿದರು. ಈಗ ಅಬೂಬಕ್ಕರ್(ರ) ಅವರಿಗೆ ತಿಳಿಹೇಳಿದರು, ಅವರ ಎದೆಯೂ ತೆರೆಯಿತು. ಖರ್ಜೂರದ ಗರಿಯ ದಂಟುಗಳ ಮೇಲೆ, ತೆಳುವಾದ ಕಲ್ಲುಗಳ ಮೇಲೆ ಬರೆದಿಟ್ಟದ್ದನ್ನು, ಜನರ ಕಂಠದಲ್ಲಿ ಇದ್ದದ್ದನ್ನು ಅವರು ಒಂದೆಡೆ ಸಂಗ್ರಹಿಸಿದರು. ಒಂದು ಪರ್ವತವನ್ನು ಸರಿಸಲು ಹೇಳಿದ್ದರೂ ಇದಕ್ಕಿಂತ ಹಗುರವಾಗಿರುತ್ತಿತ್ತು ಎಂದು ಅವರಿಗೆ ಅನಿಸಿತ್ತು. ಈ ಘಟನೆ ಸಹೀಹ್ ಬುಖಾರಿಯಲ್ಲಿದೆ.

ಇಂದು ನಮ್ಮ ಮನೆಯ ತಾಕಿನ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟಿರುವ ಮುಸ್‌ಹಫ್‌ನ ಹಿಂದೆ ಆ ದಿನದ ಮಾತುಕತೆ ಇದೆ. ಅಂದು ಅಬೂಬಕ್ಕರ್(ರ) ತಮ್ಮ ಮೊದಲ ಮಾತಿಗೇ ಅಂಟಿಕೊಂಡಿದ್ದರೆ? ಉಮರ್(ರ) ಮೊದಲ ಸಲ ಬೇಡ ಎಂದಾಗಲೇ ಸುಮ್ಮನಾಗಿದ್ದರೆ? ಯೋಚಿಸಿ ನೋಡಿ.

ಎದೆ ತೆರೆಯುವುದಕ್ಕೆ ಅರಬಿಯಲ್ಲಿ ಶರ್ಹುಸ್ಸದ್ರ್ ಎನ್ನುತ್ತಾರೆ. ತೆರೆದ ಮನಸ್ಸು ಎಂಬುದು ಯಾರೋ ಹೊರಗಿನವರು ನಮಗೆ ಕಲಿಸಿದ ಗುಣವಲ್ಲ. ಪ್ರವಾದಿ ಮೂಸಾ(ಅ) ಫಿರ್‌ಔನನ ಬಳಿಗೆ ಹೊರಟಾಗ ಅಲ್ಲಾಹನಲ್ಲಿ ಮೊಟ್ಟಮೊದಲು ಕೇಳಿಕೊಂಡದ್ದು ಇದನ್ನೇ. ಸೈನ್ಯ ಕೇಳಲಿಲ್ಲ, ಸಂಪತ್ತು ಕೇಳಲಿಲ್ಲ, ತನ್ನ ಎದೆಯನ್ನು ತೆರೆದುಕೊಡು ಎಂದು ಕೇಳಿದರು.

ಮದೀನಾದ ಖರ್ಜೂರದ ತೋಟಗಳು

ಎಲ್ಲವೂ ಬದಲಾಗಬಹುದೇ ಎಂದು ಯಾರಾದರೂ ಕೇಳಬಹುದು. ಇಲ್ಲ. ಇದಕ್ಕೆ ಪ್ರವಾದಿ(ಸ)ರೇ ಗೆರೆ ಎಳೆದು ತೋರಿಸಿದ್ದಾರೆ.

ಪ್ರವಾದಿ(ಸ) ಮದೀನಾಕ್ಕೆ ಬಂದಾಗ ಅಲ್ಲಿನ ರೈತರು ಗಂಡು ಖರ್ಜೂರದ ಹೂವಿನ ಪರಾಗವನ್ನು ಕೈಯಿಂದಲೇ ಹೆಣ್ಣು ಮರದ ಹೂಗೊಂಚಲಿಗೆ ಸೇರಿಸುತ್ತಿದ್ದರು. ಹಾಗೆ ಮಾಡದಿದ್ದರೂ ಆದೀತೇನೋ ಎಂಬರ್ಥದಲ್ಲಿ ಪ್ರವಾದಿ(ಸ) ಒಂದು ಮಾತು ಹೇಳಿದರು. ಜನರು ಬಿಟ್ಟರು. ಆ ವರ್ಷ ಫಸಲು ಕೆಟ್ಟಿತು. ವಿಷಯ ತಿಳಿದಾಗ ಪ್ರವಾದಿ(ಸ), ನಾನೂ ಒಬ್ಬ ಮನುಷ್ಯ, ಧರ್ಮದ ವಿಷಯದಲ್ಲಿ ನಾನು ಆದೇಶಿಸಿದ್ದನ್ನು ಪಾಲಿಸಿ, ನಿಮ್ಮ ಲೌಕಿಕ ಕೆಲಸಗಳನ್ನು ನೀವೇ ಚೆನ್ನಾಗಿ ಬಲ್ಲಿರಿ ಎಂಬ ಆಶಯದ ಮಾತನ್ನು ಹೇಳಿದರು. ಸಹೀಹ್ ಮುಸ್ಲಿಮ್‌ನಲ್ಲಿ ಇದರ ವರದಿಗಳಿವೆ.

ಅಲ್ಲಾಹನ ರಸೂಲರೇ ಇಷ್ಟು ಸರಳವಾಗಿ ಹೀಗೆ ಹೇಳಿರುವಾಗ, ನಾವು ನಮ್ಮ ಪ್ರತಿಯೊಂದು ಅಭಿಪ್ರಾಯವನ್ನೂ ಅಲ್ಲಾಹನ ಆಜ್ಞೆ ಎಂಬಂತೆ ಸಾಧಿಸುವುದು ಎಷ್ಟು ಸರಿ?

ತೌಹೀದ್, ಐದು ಹೊತ್ತಿನ ನಮಾಝ್, ರೋಝಾ, ಝಕಾತ್, ಹಜ್ಜ್, ಹಲಾಲ್ ಹರಾಮ್‌ನ ಸ್ಪಷ್ಟ ಗಡಿಗಳು ಯಾವ ಕಾಲಕ್ಕೂ ಬದಲಾಗುವುದಿಲ್ಲ. ಬಡ್ಡಿಯನ್ನು ಊರಿನ ಸಾಹುಕಾರ ಪಡೆದರೂ ಬಡ್ಡಿಯೇ, ಮೊಬೈಲ್‌ನಲ್ಲಿ ಐದು ನಿಮಿಷದಲ್ಲಿ ಸಾಲ ಕೊಡುವ ಆ್ಯಪ್ ಪಡೆದರೂ ಬಡ್ಡಿಯೇ. ಜೂಜನ್ನು ಅರಳಿಕಟ್ಟೆಯ ಮೇಲೆ ಇಸ್ಪೀಟಿನಲ್ಲಿ ಆಡಿದರೂ ಹರಾಮ್, ಆನ್‌ಲೈನ್ ಆಟದ ಹೆಸರಿನಲ್ಲಿ ಆಡಿದರೂ ಹರಾಮ್. ಹೊಸ ಬಟ್ಟೆ ತೊಟ್ಟು ಬಂದ ಮಾತ್ರಕ್ಕೆ ಪಾಪ ಪುಣ್ಯವಾಗುವುದಿಲ್ಲ. ಆದರೆ ಬಿತ್ತುವ ರೀತಿ, ಓದುವ ರೀತಿ, ಕಲಿಸುವ ರೀತಿ, ಪ್ರಯಾಣ, ಚಿಕಿತ್ಸೆ, ವ್ಯಾಪಾರದ ಲೆಕ್ಕ ಇವೆಲ್ಲ ಅನುಭವದಿಂದ ಸುಧಾರಿಸಿಕೊಳ್ಳಬೇಕಾದ ವಿಷಯಗಳು. ಈ ಎರಡನ್ನು ಬೆರೆಸಿದಾಗಲೇ ತೊಂದರೆ. ಒಬ್ಬನು ದೀನನ್ನು ರೂಢಿ ಎಂದು ತಿಳಿದು ಬಿಡುತ್ತಾನೆ. ಇನ್ನೊಬ್ಬನು ರೂಢಿಯನ್ನು ದೀನ್ ಎಂದು ತಿಳಿದು ಕಾಯುತ್ತಾನೆ. ನಮ್ಮ ಮೊಹಲ್ಲಾಗಳಲ್ಲಿ ಮೊದಲನೆಯವನ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, ಎರಡನೆಯವನ ಬಗ್ಗೆ ಯಾರೂ ಮಾತನಾಡುವುದಿಲ್ಲ.

ಕಾಫಿಯ ಮೇಲೆ ನಡೆದ ವಿಚಾರಣೆ

ರೂಢಿಯನ್ನು ದೀನ್ ಎಂದು ತಿಳಿಯುವುದು ನಮ್ಮ ಕಾಲದ ಕಾಯಿಲೆ ಮಾತ್ರವಲ್ಲ. ನಾವು ದಿನವೂ ಕುಡಿಯುವ ಕಾಫಿಯನ್ನೇ ತೆಗೆದುಕೊಳ್ಳಿ. ಯಮನ್‌ನ ಸೂಫಿಗಳು ರಾತ್ರಿಯ ಝಿಕ್ರ್‌ನಲ್ಲಿ ನಿದ್ದೆ ಬಾರದಿರಲಿ ಎಂದು ಕಾಫಿ ಕುಡಿಯುತ್ತಿದ್ದರು. ಅಲ್ಲಿಂದ ಅದು ಮಕ್ಕಾಕ್ಕೆ ಬಂತು. 1511ರಲ್ಲಿ ಮಕ್ಕಾದ ಅಧಿಕಾರಿಯಾಗಿದ್ದ ಖೈರ್ ಬೇಗ್ ಎಂಬವರು ರಾತ್ರಿಯಲ್ಲಿ ಜನ ಗುಂಪಾಗಿ ಕುಳಿತು ಇದನ್ನು ಕುಡಿಯುವುದನ್ನು ಕಂಡು ಸಂಶಯಪಟ್ಟರು. ಹೊಸ ಪಾನೀಯ, ಗುಂಪು ಕೂಟ, ಕೈಯಿಂದ ಕೈಗೆ ದಾಟುವ ಬಟ್ಟಲು, ಇವು ಅವರಿಗೆ ಮದ್ಯವನ್ನು ನೆನಪಿಸಿದವು. ವಿದ್ವಾಂಸರನ್ನೂ ವೈದ್ಯರನ್ನೂ ಸೇರಿಸಿ ವಿಚಾರಣೆ ನಡೆಸಿ ಕಾಫಿಯನ್ನು ನಿಷೇಧಿಸಿದರು. ಆದರೆ ಕೈರೋದ ಸುಲ್ತಾನರ ಆಸ್ಥಾನ ಆ ಸಂಪೂರ್ಣ ನಿಷೇಧವನ್ನು ಎತ್ತಿಹಿಡಿಯಲಿಲ್ಲ. ಮುಂದೆಯೂ ವಾದ ವಿವಾದಗಳು ನಡೆದವು. ಇದು ಮತ್ತು ಬರಿಸುವುದಿಲ್ಲ, ಬುದ್ಧಿಯನ್ನು ಮಂಕಾಗಿಸುವುದಿಲ್ಲ ಎಂಬುದು ಸ್ಪಷ್ಟವಾದಾಗ ಉಲಮಾಗಳು ಸಾಮಾನ್ಯವಾಗಿ ಅದನ್ನು ಹಲಾಲ್ ಎಂದೇ ಒಪ್ಪಿದರು.

ಹಜ್ಜ್‌ನಿಂದ ಮರಳುವಾಗ ಬಾಬಾ ಬುಡನ್ ಅವರು ಯಮನ್‌ನಿಂದ ಏಳು ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರು ಎಂಬ ಪ್ರತೀತಿ ನಮ್ಮ ನಾಡಿನಲ್ಲಿ ಎಲ್ಲರಿಗೂ ಗೊತ್ತು. ಇಂದು ಇಮಾಮನ ಕೋಣೆಗೂ ಅಸ್ರ್ ನಂತರ ಕಾಫಿ ಬರುತ್ತದೆ. ಒಂದು ಕಾಲದಲ್ಲಿ ಇದರ ಮೇಲೆ ಮಕ್ಕಾದಲ್ಲೇ ವಿಚಾರಣೆ ನಡೆದಿತ್ತು ಎಂದರೆ ನಮ್ಮ ಮಕ್ಕಳು ನಗುತ್ತಾರೆ. ಇಂದು ನಾವು ಹೊಸದು ಎಂಬ ಒಂದೇ ಕಾರಣಕ್ಕೆ ತಡೆಯುತ್ತಿರುವ ವಿಷಯಗಳನ್ನು ಕೇಳಿ ನಾಳೆ ನಮ್ಮ ಮೊಮ್ಮಕ್ಕಳು ನಗದಿರಲಿ.

ಅಭಿಪ್ರಾಯ ಬದಲಿಸಿದ ಇಮಾಮರು

ಇನ್ನು ಕೆಲವರಿಗೆ ಒಂದು ಭಯವಿದೆ. ಒಮ್ಮೆ ಹೇಳಿದ ಮಾತನ್ನು ಬದಲಿಸಿದರೆ ಜನ ಏನೆನ್ನುತ್ತಾರೆ? ಮನೆಯ ಹಿರಿಯನಾಗಿ, ಜಮಾಅತ್‌ನ ಮುತವಲ್ಲಿಯಾಗಿ, ಆಲಿಮ್ ಆಗಿ ನನ್ನ ಇಝ್ಝತ್ ಏನಾಗುತ್ತದೆ?

ನಮ್ಮ ಕರಾವಳಿಯ ಬ್ಯಾರಿ ಮತ್ತು ನವಾಯತ ಸಹೋದರರು ಅನುಸರಿಸುವ ಮದ್‌ಹಬ್‌ನ ಇಮಾಮ್ ಶಾಫಿಈ(ರಹ್)ರನ್ನು ನೋಡಿ. ಅವರು ಮದೀನಾದಲ್ಲಿ ಇಮಾಮ್ ಮಾಲಿಕ್(ರಹ್)ರ ಶಿಷ್ಯರಾಗಿ ಕಲಿತರು. ಬಗ್ದಾದಿನಲ್ಲಿ ತಮ್ಮ ಅಭಿಪ್ರಾಯಗಳನ್ನು ಬೋಧಿಸಿದರು, ಅಲ್ಲಿ ಹೆಸರಾದರು. ಜೀವನದ ಕೊನೆಯ ವರ್ಷಗಳಲ್ಲಿ ಈಜಿಪ್ಟಿಗೆ ಹೋದ ಮೇಲೆ ತಮ್ಮ ಹಲವು ಅಭಿಪ್ರಾಯಗಳನ್ನು ಮತ್ತೆ ಪರಿಶೀಲಿಸಿ ಬದಲಿಸಿದರು. ಆದ್ದರಿಂದ ಶಾಫಿಈ ಫಿಕ್ಹ್‌ನಲ್ಲಿ ಇಂದಿಗೂ ಹಳೆಯ ಅಭಿಪ್ರಾಯ, ಹೊಸ ಅಭಿಪ್ರಾಯ ಎಂಬ ಎರಡು ಹೆಸರುಗಳಿವೆ: ಕದೀಮ್ ಮತ್ತು ಜದೀದ್. 820ರಲ್ಲಿ ಅವರು ತೀರಿಕೊಂಡರು. ಸಾವಿರದ ಇನ್ನೂರು ವರ್ಷಗಳಾದವು, ಮಾತು ಬದಲಿಸಿದರು ಎಂದು ಅವರ ಗೌರವ ಕಡಿಮೆಯಾಯಿತೇ?

ಹಝ್ರತ್ ಉಮರ್(ರ) ಅವರು ಅಬೂ ಮೂಸಾ ಅಲ್ ಅಶ್‌ಅರಿ(ರ)ರಿಗೆ ಬರೆದರೆನ್ನಲಾದ ಪ್ರಸಿದ್ಧ ಪತ್ರದಲ್ಲೂ ಇದೇ ಉಪದೇಶವಿದೆ. ನಿನ್ನೆ ಕೊಟ್ಟ ತೀರ್ಪು ತಪ್ಪೆಂದು ಇಂದು ಅರಿವಾದರೆ ಸತ್ಯದ ಕಡೆಗೆ ಮರಳಲು ಹಿಂಜರಿಯಬೇಡ ಎಂಬುದು ಅದರ ತಿರುಳು. ಸತ್ಯವು ನಮಗಿಂತ ಹಿರಿದು, ಅದರ ಮುಂದೆ ತಲೆ ಬಾಗಿದರೆ ಯಾರ ಇಝ್ಝತ್ ಸಹ ಹೋಗುವುದಿಲ್ಲ.

ನನ್ನ ತಪ್ಪು

ಇಷ್ಟೆಲ್ಲ ನಾನು ಮದ್ರಸಾದಲ್ಲಿ ಓದಿದ್ದೆ. ಆದರೂ ತಪ್ಪಿದೆ.

ನಾನು ಈ ಮಸೀದಿಗೆ ಬಂದು ಐದಾರು ವರ್ಷಗಳಾಗಿದ್ದಾಗ ಕೆಲವು ಯುವಕರು ನನ್ನ ಬಳಿಗೆ ಬಂದರು. ಜುಮಾದ ಖುತ್ಬಾಕ್ಕೆ ಮುಂಚೆ ಹೇಳುವ ಬಯಾನನ್ನು ಕನ್ನಡದಲ್ಲಿ ಮಾಡಿ ಎಂದು ಕೇಳಿದರು. ನಾನು ಒಪ್ಪಲಿಲ್ಲ. ನಾನು ದೀನ್ ಕಲಿತದ್ದು ಉರ್ದುವಿನಲ್ಲಿ, ನನ್ನ ಉಸ್ತಾದರು ಹೇಳಿದ್ದು ಉರ್ದುವಿನಲ್ಲಿ. ಮಿಂಬರ್‌ನ ಪಕ್ಕ ನಿಂತು ಕನ್ನಡದಲ್ಲಿ ಮಾತನಾಡಿದರೆ ಅದಬ್ ಉಳಿಯುವುದಿಲ್ಲ ಎಂದೆ. ಕನ್ನಡ ನನಗೆ ಬರುತ್ತಿರಲಿಲ್ಲ ಎಂದಲ್ಲ. ಬಿ.ಎ.ಯಲ್ಲಿ ಕನ್ನಡವನ್ನು ಓದಿಯೇ ಪಾಸಾದವನು ನಾನು. ಹುಡುಗರು ಸುಮ್ಮನೆ ಹೋದರು.

ಎರಡು ವರ್ಷಗಳ ನಂತರ ನಮ್ಮ ಮೊಹಲ್ಲಾದ ಒಬ್ಬರು ಹಠಾತ್ತನೆ ತೀರಿಕೊಂಡರು. ನಾನೇ ಜನಾಝಾ ನಮಾಝ್ ಮಾಡಿಸಿದೆ. ಮರುದಿನ ಮಗ್ರಿಬ್ ಆದ ಮೇಲೆ ಅವರ ಮಗ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಪಿಯುಸಿ ಓದುತ್ತಿದ್ದ ಹುಡುಗ.

"ಹಝ್ರತ್, ನಿನ್ನೆ ಅಬ್ಬಾನ ನಮಾಝಿನಲ್ಲಿ ನಾನು ಏನು ಓದಬೇಕಿತ್ತು?" ಎಂದು ಕೇಳಿದ.

ಮೊದಲ ತಕ್ಬೀರ್ ನಂತರ ಸನಾ, ಎರಡನೆಯದರ ನಂತರ ದುರೂದ್, ಮೂರನೆಯದರ ನಂತರ ಮಯ್ಯಿತ್‌ಗಾಗಿ ದುಆ ಎಂದು ಹೇಳಿದೆ.

"ನಾನು ಏನೂ ಓದಲಿಲ್ಲ. ಸುಮ್ಮನೆ ಕೈಕಟ್ಟಿ ನಿಂತಿದ್ದೆ. ಅಬ್ಬಾನಿಗೆ ನನ್ನಿಂದ ಏನೂ ಹೋಗಲಿಲ್ಲ ಅಲ್ವಾ ಹಝ್ರತ್?"

ನನಗೆ ಮೊದಲು ಬಂದದ್ದು ಕೋಪ. "ತಿಂಗಳ ಹಿಂದಷ್ಟೇ ಜುಮಾದಲ್ಲಿ ಅರ್ಧ ಗಂಟೆ ಇದನ್ನೇ ಹೇಳಿದ್ದೆನಲ್ಲ, ನೀನು ಎಲ್ಲಿದ್ದೆ?" ಎಂದೆ.

ಅವನು ತಲೆ ತಗ್ಗಿಸಿದ. "ಮುಂದಿನ ಸಫ್‌ನಲ್ಲೇ ಇದ್ದೆ. ಆದರೆ ನೀವು ಹೇಳೋದು ನನಗೆ ಪೂರ್ತಿ ಅರ್ಥ ಆಗಲ್ಲ ಹಝ್ರತ್. ನಮ್ಮ ಮನೆ ಮಾತೇ ಬೇರೆ, ಬಯಾನಿನ ಉರ್ದು ಬೇರೆ."

ತಂದೆಗಾಗಿ ದುಆ ಮಾಡುವ ಬಾಗಿಲು ಮುಚ್ಚಿಲ್ಲ, ಇವತ್ತಿನಿಂದಲೇ ಮಾಡು ಎಂದು ಸಮಾಧಾನ ಹೇಳಿ, ಆ ದುಆವನ್ನು ಅಲ್ಲೇ ಅರ್ಥಸಹಿತ ಕನ್ನಡದಲ್ಲಿ ಹೇಳಿಕೊಟ್ಟೆ. ಅರ್ಥ ಕೇಳಿದ ಮೇಲೆ ಅವನು ಅತ್ತ. ಅವನು ಹೋದ ಮೇಲೆ ನನಗೆ ಊಟ ಸೇರಲಿಲ್ಲ. ಆ ಹುಡುಗ ಚಿಕ್ಕವನಿದ್ದಾಗಿನಿಂದ ತಂದೆಯ ಕೈಹಿಡಿದು ಪ್ರತಿ ಜುಮಾಕ್ಕೆ ಬಂದಿದ್ದ. ನಾನು ಮಾತನಾಡಿದ್ದೆ, ಅವನು ಕೂತಿದ್ದ. ನಮ್ಮಿಬ್ಬರ ನಡುವೆ ಏನೂ ದಾಟಿರಲಿಲ್ಲ. ನಮ್ಮ ಕಡೆ ಮನೆಯಲ್ಲಿ ದಖನಿ ಆಡುವ ಮಕ್ಕಳಿದ್ದಾರೆ, ಪಿಂಜಾರ, ನದಾಫ್ ಮನೆತನಗಳಲ್ಲಿ ಮನೆಮಾತೇ ಕನ್ನಡವಾಗಿರುವವರಿದ್ದಾರೆ. ಓದುವುದು ಕನ್ನಡದಲ್ಲಿ. ಫಾರಸಿ ಪದಗಳು ತುಂಬಿದ ನನ್ನ ಕಿತಾಬಿ ಉರ್ದು ಅವರಲ್ಲಿ ಎಷ್ಟು ಜನರಿಗೆ ತಲುಪುತ್ತಿತ್ತು?

ಪ್ರತಿ ಬಯಾನಿನ ಆರಂಭದಲ್ಲಿ ನಾವು ಓದುವುದು ಮೂಸಾ(ಅ)ರ ಆ ದುಆವನ್ನೇ. ಅದು ಎದೆ ತೆರೆಯುವಲ್ಲಿಗೆ ಮುಗಿಯುವುದಿಲ್ಲ. ಕೆಲಸವನ್ನು ಸುಲಭಗೊಳಿಸು ಎಂದು ಕೇಳುತ್ತದೆ, ನಾಲಿಗೆಯ ಗಂಟನ್ನು ಬಿಡಿಸು ಎಂದು ಕೇಳುತ್ತದೆ. ಏಕೆ? ಜನರಿಗೆ ತನ್ನ ಮಾತು ಅರ್ಥವಾಗಲಿ ಎಂದು. ಏಳೆಂಟು ವರ್ಷ ಪ್ರತಿ ಶುಕ್ರವಾರ ಓದಿದ ದುಆದ ಕೊನೆಯ ಭಾಗ ಆ ರಾತ್ರಿ ನನಗೆ ಮೊದಲ ಸಲ ಕೇಳಿಸಿತು.

ಪ್ರತಿಯೊಬ್ಬ ರಸೂಲರನ್ನೂ ಅವರ ಜನಾಂಗದ ಭಾಷೆಯಲ್ಲೇ ಕಳುಹಿಸಲಾಯಿತು ಎಂದು ಸೂರಾ ಇಬ್ರಾಹೀಮ್‌ನಲ್ಲಿದೆ, ಅದೂ ನೆನಪಾಯಿತು. ಕುರ್‌ಆನ್ ಸಂಗ್ರಹಿಸಿದ ಅದೇ ಝೈದ್ ಬಿನ್ ಸಾಬಿತ್(ರ)ರಿಗೆ ಯಹೂದಿಗಳ ಲಿಪಿ ಕಲಿಯಲು ಪ್ರವಾದಿ(ಸ)ರು ಆದೇಶಿಸಿದ್ದರು, ಅವರು ಅದನ್ನು ಅರ್ಧ ತಿಂಗಳಲ್ಲಿ ಕಲಿತರು ಎಂದು ತಿರ್ಮಿಝಿಯಲ್ಲಿದೆ. ದೀನ್‌ನ ಕೆಲಸಕ್ಕಾಗಿ ಬೇರೆಯವರ ಲಿಪಿಯನ್ನೇ ಕಲಿತವರು ಅವರು. ನನಗೆ ನನ್ನ ಊರಿನ ಭಾಷೆಯಲ್ಲಿ ಮಾತನಾಡಲು ಸಂಕೋಚ.

ಎದುರು ಮಾತನ್ನೂ ಕೇಳಬೇಕು

ಜಮಾಅತ್‌ನ ಸಭೆಯಲ್ಲಿ ವಿಷಯ ಇಟ್ಟೆ. ಅರಬಿ ಖುತ್ಬಾ ಹಾಗೆಯೇ ಇರಲಿ, ಅದರ ಮುಂಚಿನ ಬಯಾನ್ ಕನ್ನಡದಲ್ಲಿ ಆಗಲಿ ಎಂದೆ. ಹಿರಿಯರೊಬ್ಬರು ಎದ್ದು ನಿಂತರು. "ಮೌಲಾನಾ, ನಮ್ಮ ಮಕ್ಕಳಿಗೆ ಉರ್ದು ಹೋಯಿತು ಎಂದರೆ ನಮ್ಮ ಅಜ್ಜಂದಿರ ಕಿತಾಬುಗಳನ್ನು ಯಾರು ಓದುತ್ತಾರೆ? ಗುಜರಿಗೆ ಹಾಕುತ್ತೀರಾ?" ಎಂದರು. ಯುವಕರು ಗೊಣಗಿದರು. ನನಗೂ ಉತ್ತರಿಸಬೇಕೆನಿಸಿತು. ಆದರೆ ಎರಡು ವರ್ಷ ಹಿಂದೆ ಯುವಕರ ಮಾತನ್ನು ಕೇಳದೆ ತಪ್ಪಿದವನು, ಈಗ ಹಿರಿಯರ ಮಾತನ್ನು ಕೇಳದಿದ್ದರೆ ಅದೇ ತಪ್ಪನ್ನು ಇನ್ನೊಂದು ಕಡೆಯಿಂದ ಮಾಡಿದಂತೆ.

"ಚಾಚಾ, ನೀವು ಹೇಳುವುದು ನಿಜ. ಮಕ್ಕಳಿಗೆ ಉರ್ದು ಓದಲು ನೀವೇ ಕಲಿಸುತ್ತೀರಾ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿದರು. ಅಂದಿನಿಂದ ಬಯಾನ್ ಕನ್ನಡದಲ್ಲಿದೆ, ಭಾನುವಾರ ಅಸ್ರ್ ನಂತರ ಮಸೀದಿಯ ವರಾಂಡದಲ್ಲಿ ಉರ್ದು ತರಗತಿ ಇದೆ. ಆ ಹುಡುಗನೂ ಅಲ್ಲಿ ಅಲಿಫ್ ಬೇ ಕಲಿತ. ಬದಲಾವಣೆ ಎಂದರೆ ಹಳೆಯದನ್ನು ಬಿಸಾಡುವುದಲ್ಲ ಎಂದು ನನಗೆ ಕಲಿಸಿದವರು ವಿರೋಧಿಸಿದ ಆ ಹಿರಿಯರೇ.

ಮನೆಯಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಸಹೋದರ ಸಹೋದರಿಯರೇ, ಹೊಸ ವಿಷಯ ಬಂದಾಗ ದಸ್ತರ್‌ಖಾನ್ ಸುತ್ತ ಕುಳಿತು ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ.

ಮೊದಲನೆಯದು, ಕುರ್‌ಆನ್ ಮತ್ತು ಸುನ್ನತ್ ಇದನ್ನು ತಡೆದಿವೆಯೇ, ಇಲ್ಲವೇ ನಮ್ಮ ಮನೆಯಲ್ಲಿ ಇದುವರೆಗೆ ಯಾರೂ ಮಾಡಿಲ್ಲ ಎಂಬುದಷ್ಟೇ ಕಾರಣವೇ? ಗೊತ್ತಿಲ್ಲದಿದ್ದರೆ ಬಲ್ಲವರನ್ನು ಕೇಳಿ, ಊಹೆಯಿಂದ ಹರಾಮ್ ಎನ್ನಬೇಡಿ.

ಎರಡನೆಯದು, ಇದರಿಂದ ಯಾರಿಗೆ ಒಳಿತು, ಯಾರಿಗೆ ಹಾನಿ? ಮಗಳು ಪದವಿ ಓದುತ್ತೇನೆ ಎಂದಾಗ, ಸೊಸೆ ಹೊಲಿಗೆಯ ಅಂಗಡಿ ಇಡುತ್ತೇನೆ ಎಂದಾಗ, ಬೇಡ ಎನ್ನುವ ಮುಂಚೆ ಆ ಬೇಡದ ಭಾರ ಯಾರ ತಲೆಯ ಮೇಲೆ ಬೀಳುತ್ತದೆ ಎಂದು ನೋಡಿ.

ಮೂರನೆಯದು, ಕೇಳುವವರ ಮಾತನ್ನು ಕೊನೆಯವರೆಗೆ ಕೇಳಿದೆವೇ? ಉಮರ್(ರ) ಮತ್ತೆ ಮತ್ತೆ ಹೇಳಿದರು, ಅಬೂಬಕ್ಕರ್(ರ) ಮತ್ತೆ ಮತ್ತೆ ಕೇಳಿದರು.

ನಾಲ್ಕನೆಯದು ತುಸು ಕಠಿಣ. ನಾವು ಕಾಯುತ್ತಿರುವ ಹಳೆಯ ಪದ್ಧತಿಗಳಲ್ಲಿ ದೀನ್‌ಗೆ ವಿರುದ್ಧವಾದವು ಇಲ್ಲವೇ? ಮಹ್ರ್ ಕೊಡಬೇಕಾದವನು ವರ. ಹಾಗಿರುವಾಗ ಹೆಣ್ಣಿನ ತಂದೆ ಸಾಲ ಮಾಡಿ ವರದಕ್ಷಿಣೆ ಕೊಡುವುದು ಯಾವ ಸುನ್ನತ್? ಮಗಳ ಓದಿಗೆ ನಮ್ಮಲ್ಲಿ ಪದ್ಧತಿ ಇಲ್ಲ ಎನ್ನುವ ನಾವು, ವರದಕ್ಷಿಣೆಗೆ ನಮ್ಮಲ್ಲಿ ಪದ್ಧತಿ ಇದೆ ಎನ್ನುತ್ತೇವೆ. ಎರಡೂ ಸಲ ನಾವು ಅಲ್ಲಾಹನ ಆಜ್ಞೆಯನ್ನು ಕೇಳಲಿಲ್ಲ, ಪದ್ಧತಿಯನ್ನೇ ಕೇಳಿದೆವು.

ಈ ವಾರ ನಿಮ್ಮ ಮನೆಯಲ್ಲಿ ನೀವು ಬೇಡ ಎಂದು ಹೇಳಿ ಮುಗಿಸಿದ ಒಂದು ವಿಷಯವನ್ನು ನೆನಪಿಸಿಕೊಳ್ಳಿ. ಅದನ್ನು ಕೇಳಿದ್ದ ಮಗನನ್ನೋ ಮಗಳನ್ನೋ ಹತ್ತಿರ ಕರೆದು, ಇನ್ನೊಮ್ಮೆ ಹೇಳು ಎನ್ನಿ. ಕೇಳಿದ ಮೇಲೂ ಬೇಡವೆಂದೇ ಅನಿಸಬಹುದು. ಆಗ ಕಾರಣ ಹೇಳಿ. ಸರಿ ಎನಿಸಿದರೆ, ನಾನು ಅಂದು ತಪ್ಪಿದೆ ಎನ್ನಲು ನಾಚಬೇಡಿ.

ಅಲ್ಲಾಹನು ನಮ್ಮ ಎದೆಗಳನ್ನು ಸತ್ಯಕ್ಕೆ ತೆರೆಯಲಿ. ದೀನ್‌ನಲ್ಲಿ ನಮ್ಮ ಕಾಲುಗಳನ್ನು ಸ್ಥಿರವಾಗಿಡಲಿ. ನಮ್ಮ ನಾಲಿಗೆಯ ಗಂಟನ್ನು ಬಿಡಿಸಿ, ನಮ್ಮ ಮಾತು ನಮ್ಮ ಮಕ್ಕಳಿಗೂ ಅವರ ಮಾತು ನಮಗೂ ಅರ್ಥವಾಗುವಂತೆ ಮಾಡಲಿ. ಆಮೀನ್.